ಮೊದಲು ಸಂಬಳ, ಆಮೇಲೆ ದಾನ

ಮನೆಖರ್ಚಿನ ಲೆಕ್ಕ ಬರೆದಿಡುವುದು ನನಗೆ ಅಮ್ಮನಿಂದ ಬಂದ ಚಾಳಿ. ಹಾಲು, ತರಕಾರಿ, ಗ್ಯಾಸು, ಮಕ್ಕಳ ಫೀಸು ಎಂದು ದಿನವೂ ಗೀಚಿಡುತ್ತೇನೆ. ತೆಗೆದು ಓದುವುದು ಮಾತ್ರ ಅಪರೂಪ. ಮೊನ್ನೆ ಅಟ್ಟ ಗುಡಿಸುವಾಗ 2020ನೆಯ ಇಸವಿಯ ಪುಸ್ತಕ ಕೈಗೆ ಸಿಕ್ಕಿತು. ಕೊರೊನಾದ ವರ್ಷ. ಕಸಪೊರಕೆ ಪಕ್ಕಕ್ಕಿಟ್ಟು ಓದಲು ಕೂತೆ.

ಏಪ್ರಿಲ್ ತಿಂಗಳ ಪುಟದಲ್ಲಿ ‘ಪರಿಹಾರ ನಿಧಿಗೆ 2,000’ ಎಂದು ಬರೆದು, ಅಡಿಯಲ್ಲಿ ಕೆಂಪು ಶಾಯಿಯ ಗೆರೆ ಎಳೆದಿದ್ದೆ. ನಾಲ್ಕು ಸಾಲು ಕೆಳಗೆ ‘ಕೆಲಸದವಳಿಗೆ ಅರ್ಧ ಸಂಬಳ, 1,000’ ಎಂದಿತ್ತು. ಮೇ ತಿಂಗಳಲ್ಲೂ ಅದೇ ಅರ್ಧ. ಎರಡು ತಿಂಗಳಲ್ಲಿ ಅವಳ ಸಂಬಳದಲ್ಲಿ ನಾನು ಉಳಿಸಿಕೊಂಡದ್ದು 2,000. ನಿಧಿಗೆ ಕೊಟ್ಟದ್ದೂ 2,000. ಅಂದರೆ ದಾನ ಕೊಟ್ಟವಳು ಅವಳು. ರಸೀದಿ ನನ್ನ ಹೆಸರಿಗೆ! ಅದನ್ನು ತೋರಿಸಿ ಆದಾಯ ತೆರಿಗೆಯಲ್ಲಿ ವಿನಾಯಿತಿಯನ್ನೂ ಪಡೆದಿದ್ದೆ. ಹಸು ಕೊಂದು ಕೆರ ದಾನ ಮಾಡಿದರು ಎಂಬ ಗಾದೆಯನ್ನು ಎಷ್ಟೋ ಸಲ ಬೇರೆಯವರ ಬಗ್ಗೆ ಆಡಿದ್ದೇನೆ. ಅದು ನನ್ನ ಬಾಗಿಲಿಗೇ ಬಂದು ನಿಂತಿತು.

‘ಕೆಲಸ ಮಾಡದಿದ್ದರೆ ಸಂಬಳ ಯಾಕೆ?’ ಎಂದು ನೀವು ಕೇಳಬಹುದು. ನಾನೂ ಆಗ ಹಾಗೆಯೇ ಅಂದುಕೊಂಡಿದ್ದೆ. ಆದರೆ ಅವಳು ತಾನಾಗಿ ಬಿಟ್ಟವಳಲ್ಲ. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬೀಗ ಹಾಕಿಕೊಂಡಾಗ ‘ಇನ್ನು ನೀನು ಬರಬೇಡ’ ಎಂದವಳು ನಾನು. ನಾನು ಶಾಲಾ ಶಿಕ್ಷಕಿ. ಆ ಎರಡು ತಿಂಗಳು ನಾನೂ ಶಾಲೆಗೆ ಹೋಗಲಿಲ್ಲ, ಪಾಠ ಮಾಡಲಿಲ್ಲ. ಹೋಳಿಗೆ ಮಾಡುವ ಹೊಸ ವಿಧಾನ ಕಲಿತೆ, ಅಷ್ಟೆ. ಆದರೂ ನನ್ನ ಸಂಬಳ ತಿಂಗಳು ತಿಂಗಳೂ ಪೂರ್ತಿಯಾಗಿ ಬ್ಯಾಂಕಿಗೆ ಬಂದು ಬಿತ್ತು. ನಾನು ಮನೆಯಲ್ಲಿ ಕೂತರೆ ಪೂರ್ತಿ, ಅವಳು ಮನೆಯಲ್ಲಿ ಕೂತರೆ ಅರ್ಧ. ಇದು ಯಾವ ನ್ಯಾಯ?

ಕಾರ್ಖಾನೆ, ಅಂಗಡಿ, ವ್ಯಾಪಾರ ಸಂಸ್ಥೆಗಳು ಲಾಕ್‌ಡೌನ್ ಅವಧಿಯ ಸಂಬಳವನ್ನು ಕಡಿತ ಮಾಡದೆ ಕೊಡಬೇಕೆಂದು ಕೇಂದ್ರ ಗೃಹ ಇಲಾಖೆ 2020ರ ಮಾರ್ಚ್ 29ರಂದು ಆದೇಶ ಹೊರಡಿಸಿತ್ತು. ಆ ಆದೇಶ ನಮ್ಮ ಅಡುಗೆಮನೆಗಳ ಹೊಸ್ತಿಲು ದಾಟಲಿಲ್ಲ. ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಕ್ಷೌರಿಕರಿಗೆ, ಅಗಸರಿಗೆ, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000 ರೂಪಾಯಿ ಘೋಷಿಸಿತು. ಮನೆಗೆಲಸದವರು ಸರ್ಕಾರದ ನೆನಪಿಗೆ ಬಂದದ್ದು ಮರುವರ್ಷ, 2021ರ ಮೇ ತಿಂಗಳಲ್ಲಿ. ಒಂದು ಸಲಕ್ಕೆ 2,000 ರೂಪಾಯಿ. ಸರ್ಕಾರ ಮರೆತದ್ದಕ್ಕೆ ಬೈಯುವುದು ಸುಲಭ. ದಿನವೂ ನಮ್ಮ ಎಂಜಲು ತಟ್ಟೆ ತೊಳೆಯುವವಳನ್ನು ನಾವು ಮರೆತದ್ದಕ್ಕೆ ಯಾರು ಬೈಯಬೇಕು?

ದಾನವನ್ನೂ ನಾವು ಹೇಗೆ ಕೊಟ್ಟೆವು, ನೋಡಿ. ನಮ್ಮ ಊರಿನ ಮಹಿಳಾ ಸಂಘದಿಂದ ಐವತ್ತು ಮನೆಗಳಿಗೆ ದಿನಸಿ ಕಿಟ್ ಹಂಚಿದೆವು. ಅಕ್ಕಿ, ಬೇಳೆ, ಎಣ್ಣೆ, ಸೋಪು. ಹಿಂದುಗಡೆ ಬ್ಯಾನರು. ಒಂದು ಕಿಟ್ಟಿಗೆ ಆರು ಜನ ಕೈ ಹಚ್ಚಿ ಫೋಟೋಕ್ಕೆ ನಿಂತೆವು. ತೆಗೆದುಕೊಳ್ಳಲು ಬಂದ ಹೆಂಗಸೊಬ್ಬಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ‘ಸ್ವಲ್ಪ ಸೆರಗು ತೆಗಿಯಮ್ಮಾ, ಮುಖ ಬೀಳ್ತಾ ಇಲ್ಲ’ ಎಂದರು ನಮ್ಮಲ್ಲೊಬ್ಬರು. ಅವಳು ತೆಗೆದಳು. ಐದು ಕೇಜಿ ಅಕ್ಕಿಗೆ ಅವಳ ಮರ್ಯಾದೆಯ ಬೆಲೆ ಕಟ್ಟಿದ್ದೆವು ಎಂದು ಆಗ ನನಗೆ ಹೊಳೆಯಲಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಎಂದು ಮಕ್ಕಳಿಗೆ ಪಾಠ ಹೇಳುವ ನಾನು ಆ ಫೋಟೋವನ್ನು ಮೂರು ವಾಟ್ಸಾಪ್ ಗುಂಪುಗಳಿಗೆ ಕಳಿಸಿದೆ.

ಜೂನ್‌ನಲ್ಲಿ ಅವಳು ಮತ್ತೆ ಕೆಲಸಕ್ಕೆ ಬಂದಳು. ಪಾತ್ರೆ ಉಜ್ಜುತ್ತಾ ಅವರ ಬೀದಿಯ ಸುದ್ದಿ ಹೇಳಿದಳು. ಆ ಬೀದಿಯ ಹೆಂಗಸರದೊಂದು ಉಳಿತಾಯದ ಸಂಘವಿದೆ. ವಾರಕ್ಕೆ 20 ರೂಪಾಯಿ ಕಟ್ಟುತ್ತಾರೆ. ಹೋಟೆಲು ಮುಚ್ಚಿ ಕೆಲಸ ಹೋದ ಪರವೂರಿನ ಸಂಸಾರವೊಂದು ಅಲ್ಲಿ ಸಿಕ್ಕಿಕೊಂಡಿತ್ತು. ರೇಷನ್ ಕಾರ್ಡ್ ಇವರ ಊರಿನದಲ್ಲ. ಸಂಘದವರು ಆ ವಾರಗಳ ದುಡ್ಡನ್ನು ಡಬ್ಬಿಗೆ ಹಾಕದೆ ಅಕ್ಕಿ ತಂದರು. ಒಬ್ಬಳು ಹತ್ತು ರೂಪಾಯಿ, ಇನ್ನೊಬ್ಬಳು ಐವತ್ತು, ಮತ್ತೊಬ್ಬಳು ಅರ್ಧ ಬಾಟಲಿ ಎಣ್ಣೆ. ಏನೂ ಇಲ್ಲದವಳು ಬೇಯಿಸಿ ಹಾಕಿದಳು.

‘ನೀನೆಷ್ಟು ಕೊಟ್ಟೆ?’ ಎಂದೆ.

‘ಅದರ ಲೆಕ್ಕ ಯಾರು ಬರೀತಾರೆ ಅಕ್ಕಾ? ನಾಳೆ ನಮಗೂ ಬೇಕಾಗುತ್ತಲ್ಲ.’

ಅರ್ಧ ಸಂಬಳದಲ್ಲಿದ್ದವಳ ಮಾತು ಇದು. ನಮಗೆಂದೂ ಏನೂ ಬೇಕಾಗುವುದಿಲ್ಲ ಎಂಬಂತೆ ನಾವು ಕೊಡುತ್ತೇವೆ; ನಾಳೆ ತಮಗೂ ಬೇಕಾಗಬಹುದು ಎಂದು ಅವರು ಕೊಡುತ್ತಾರೆ. ಮೊದಲನೆಯದು ಮೇಲಿಂದ ಕೆಳಕ್ಕೆ ಬೀಳುತ್ತದೆ. ಎರಡನೆಯದು ಪಕ್ಕದ ಮನೆಯಿಂದ ಪಕ್ಕದ ಮನೆಗೆ ಹೋಗುತ್ತದೆ. ಮರುವರ್ಷದ ಬೇಸಿಗೆಯಲ್ಲಿ ನಮ್ಮ ಮನೆಯ ನಾಲ್ವರೂ ಮಲಗಿದಾಗ ಬ್ಯಾಂಕಿನಲ್ಲಿದ್ದ ದುಡ್ಡು ಒಂದು ಲೋಟ ಗಂಜಿ ಕಾಯಿಸಿ ಕೊಡಲಿಲ್ಲ. ಗೇಟಿಗೆ ಸಾರಿನ ಡಬ್ಬಿ ತೂಗುಹಾಕಿ ಹೋದದ್ದು ಎದುರು ಮನೆಯವರು. ಅವರೊಡನೆ ನಾನು ಅಲ್ಲಿಯವರೆಗೆ ನೆಟ್ಟಗೆ ನಾಲ್ಕು ಮಾತು ಆಡಿದವಳಲ್ಲ.

‘ಹತ್ತು ಇಪ್ಪತ್ತು ರೂಪಾಯಿಯಿಂದ ಏನಾಗುತ್ತೆ?’ ಎಂದು ಮೂಗು ಮುರಿಯುವವರಿದ್ದಾರೆ. ಅವರಿಗೆ ನನ್ನ ಉತ್ತರ: ಒಂದು ಸಂಸಾರ ಎರಡು ತಿಂಗಳು ಉಂಡಿತು. ಹನಿ ಹನಿ ಸೇರಿದರೆ ಹಳ್ಳ ಎಂಬುದು ಸುಮ್ಮನೆ ಹುಟ್ಟಿದ ಮಾತಲ್ಲ. ಆದರೆ ಆ ಹಳ್ಳವನ್ನು ತೋರಿಸಿ ಸರ್ಕಾರ ತನ್ನ ಕೆರೆಯನ್ನು ಬತ್ತಿಸುವಂತಿಲ್ಲ. 2021ರ ಮೇ ತಿಂಗಳ ಮೊದಲ ವಾರ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ಒಂದು ಹಗಲು ರಾತ್ರಿಯೊಳಗೆ ತೀರಿಕೊಂಡರು. ಅಲ್ಲಿಗೆ ಯಾವ ಹೆಂಗಸಿನ ಹತ್ತು ರೂಪಾಯಿ ತಲುಪಬೇಕಿತ್ತು? ಅದು ನಮ್ಮ ತೆರಿಗೆಯ ಹಣ ಮಾಡಬೇಕಾಗಿದ್ದ ಕೆಲಸ.

ಚಪ್ಪಾಳೆಯ ಕಥೆಯೂ ಇದೇ. 2020ರ ಮಾರ್ಚ್ 22ರ ಸಂಜೆ ಐದಕ್ಕೆ ಬಾಲ್ಕನಿಯಲ್ಲಿ ನಿಂತು ತಟ್ಟೆ ಬಡಿದೆವು. ಮನೆಮನೆ ತಿರುಗಿ ಜ್ವರ ಕೇಳಿದ ಆಶಾ ಕಾರ್ಯಕರ್ತೆಯರನ್ನು ದೇವತೆಯರು ಎಂದೆವು. ಜುಲೈನಲ್ಲಿ ರಾಜ್ಯದ ಸುಮಾರು 42,000 ಆಶಾಗಳು, ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ, ರಕ್ಷಣೆಯ ಸಾಮಗ್ರಿ ಕೊಡಿ ಎಂದು ಕೆಲಸ ನಿಲ್ಲಿಸಿದರು. ಆಗ ನಮ್ಮ ಬಾಲ್ಕನಿಗಳಲ್ಲಿ ಒಂದು ತಟ್ಟೆಯ ಸದ್ದೂ ಕೇಳಿಸಲಿಲ್ಲ. ಹೆಂಗಸು ದೇವತೆಯಾದರೆ ಹೂವು ಸಾಕು. ಕೆಲಸಗಾರ್ತಿಯಾದರೆ ಕೂಲಿ ಕೊಡಬೇಕಾಗುತ್ತದೆ!

ದಾನ ಬೇಡವೆಂದು ನಾನು ಹೇಳುತ್ತಿಲ್ಲ. ಕೊಡಿ, ಹತ್ತು ರೂಪಾಯಿಯಾದರೂ ಕೊಡಿ, ಫೋಟೋ ಬಿಟ್ಟು ಕೊಡಿ. ಆದರೆ ಸಾಲ ತೀರಿಸದೆ ದಾನಕ್ಕೆ ಕೈ ಎತ್ತಬೇಡಿ. ಸಂಬಳ ಸಾಲ. ಅದನ್ನು ಉಳಿಸಿಕೊಂಡು ಕೊಟ್ಟ ದಾನ ಕಳವಿಗೆ ಹತ್ತಿರದ್ದು.

ಪುಸ್ತಕ ಸಿಕ್ಕಿದ ಮಾರನೆಯ ದಿನ 2,000 ರೂಪಾಯಿ ತೆಗೆದು ಅವಳ ಕೈಗಿಟ್ಟೆ. ‘ಇದ್ಯಾವ ತಿಂಗಳದು ಅಕ್ಕಾ?’ ಎಂದಳು. ಹೇಳಿದೆ. ಒಂದು ಗಳಿಗೆ ಸುಮ್ಮನಿದ್ದು, ಎಣಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಪಾತ್ರೆಗೆ ಕೂತಳು. ಉಪಕಾರವಾಯಿತು ಎನ್ನಲಿಲ್ಲ. ಯಾಕೆ ಅನ್ನಬೇಕು?

ನಿಮ್ಮ ಅಟ್ಟದಲ್ಲೂ ಆ ವರ್ಷದ ಪುಸ್ತಕ ಇದ್ದೀತು. ಒಮ್ಮೆ ತೆಗೆದು ನೋಡಿ.