ಕೊಳವೆಯ ಆಹಾರ ವ್ರತಭಂಗವೆ?

ಬಾಯಿ, ಗಂಟಲಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ನಿಶ್ಚಯವಾದಾಗ, ಮೂಗಿನ ಮೂಲಕ ಜಠರಕ್ಕೆ ಕೊಳವೆಯಿಟ್ಟು ಆಹಾರ ಕೊಡಬೇಕೆಂದು ವೈದ್ಯರು ಹೇಳುವುದುಂಟು. ಆಗ ಕೆಲವು ಶ್ರಾವಕರ ಮನೆಗಳಲ್ಲಿ, ಇದು ವ್ರತಭಂಗ, ಇದಕ್ಕಿಂತ ಸಲ್ಲೇಖನವೇ ಲೇಸು ಎಂಬ ಮಾತು ಏಳುತ್ತದೆ. ಇದು ಧರ್ಮವಲ್ಲ, ಧರ್ಮದ ಹೆಸರಿನ ಅವಿವೇಕ.

ಸಮಂತಭದ್ರಾಚಾರ್ಯರು 'ರತ್ನಕರಂಡ ಶ್ರಾವಕಾಚಾರ'ದಲ್ಲಿ ಸಲ್ಲೇಖನಕ್ಕೆ ಕಾರಣವೆಂದು ಎಣಿಸಿದ್ದು ಪ್ರತೀಕಾರವಿಲ್ಲದ ರೋಗವನ್ನು, ಚಿಕಿತ್ಸೆಯುಳ್ಳ ರೋಗವನ್ನಲ್ಲ. ಭಸ್ಮಕವ್ಯಾಧಿಯಿಂದ ನೊಂದು ಅವರೇ ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ಒಪ್ಪಲಿಲ್ಲವೆಂದೂ, ಅವರು ಮುನಿವೇಷವನ್ನೇ ತೊರೆದು ಆಹಾರದಿಂದ ರೋಗ ನೀಗಿ ಮರಳಿ ದೀಕ್ಷೆ ತಳೆದರೆಂದೂ ಪರಂಪರೆ ಹೇಳುತ್ತದೆ. ಆಚಾರ್ಯರಿಗೇ ಸಲ್ಲದ ಅವಸರ ನಮಗೆ ಸಲ್ಲುವುದೆ? ಮೇಲಾಗಿ ಸಲ್ಲೇಖನ ವ್ರತಿಯ ಸ್ವಂತ ಸಂಕಲ್ಪ. ಮನೆಯವರು ಹೇರುವ ಉಪವಾಸವಲ್ಲ.

ಪೋಷಣೆಯಿಲ್ಲದೆ ಹೊಲಿದ ಗಾಯ ಸರಿಯಾಗಿ ಮಾಯದು. 50 ಕಿಲೋ ತೂಕದ ರೋಗಿಗೆ ದಿನಕ್ಕೆ ಸುಮಾರು 1,250ರಿಂದ 1,500 ಕ್ಯಾಲೊರಿ, 60ರಿಂದ 75 ಗ್ರಾಂ ಪ್ರೋಟೀನ್ ಬೇಕು. ಗಂಜಿಯ ತಿಳಿ, ಎಳನೀರುಗಳಿಂದ ಇದು ಒದಗದು. ನಾಲ್ಕು ವಾರ ಮೀರುವಂತಿದ್ದರೆ ಉದರಭಿತ್ತಿಯ ಮೂಲಕವೇ ಜಠರಕ್ಕೆ ಕೊಳವೆಯಿಡುವುದುಂಟು.

ರಾತ್ರಿಭೋಜನ ತ್ಯಾಗಿಗಳು ಅಂಜಬೇಕಿಲ್ಲ. ವೈದ್ಯರೊಡನೆ ವಿಚಾರಿಸಿದರೆ, ಹಗಲಿನಲ್ಲೇ ಹಲವು ಸಲ ಹಂಚಿ ಕೊಡುವ ಕ್ರಮ ಅನೇಕರಿಗೆ ಸಾಧ್ಯ. ಸಸ್ಯಾಹಾರದ ಪೋಷಕಗಳೂ ದೊರೆಯುತ್ತವೆ.

ಬಸದಿಗಳ ಆಡಳಿತ ಮಂಡಳಿಗಳಿಗೂ ಒಂದು ಮಾತು. ಚತುರ್ವಿಧ ದಾನಗಳಲ್ಲಿ ಆಹಾರ, ಔಷಧ, ಅಭಯ ಮೂರೂ ಈ ಒಂದು ಕೊಳವೆಯಲ್ಲಿ ಕೂಡುತ್ತವೆ. ಪಂಚಕಲ್ಯಾಣಕ್ಕೆ ಸುರಿಯುವ ಹಣದ ಒಂದು ಪಾಲನ್ನು ಬಡರೋಗಿಯ ಪೋಷಣೆಗೆ ಮೀಸಲಿಡಲು ಅಡ್ಡಿಯೇನು? ಜೀವದಯೆ ಕಂಬದ ಮೇಲಿನ ಶಾಸನವಾಗಿ ಉಳಿದರೆ ಸಾಲದು. ಹಸಿದ ರೋಗಿಯ ಹಾಸಿಗೆಯವರೆಗೆ ಅದು ನಡೆಯಬೇಕು.