ಖರ್ಚಿಲ್ಲದ ರಿಟರ್ನಿಗೆ ಕಮಿಷನ್ ಏಕೆ?

ಜುಲೈ ಬಂತೆಂದರೆ ನಮ್ಮ ಸದಸ್ಯರಲ್ಲಿ ಅನೇಕರು ಪಾಸ್‌ಬುಕ್ಕು, ಪ್ಯಾನ್ ಕಾರ್ಡುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಪೇಟೆಯ ಕಂಪ್ಯೂಟರ್ ಅಂಗಡಿಗಳ ಮುಂದೆ ಕಾಯುವುದು ವಾಡಿಕೆಯಾಗಿದೆ. ಒಂದೆಡೆ ಮಳೆ ಹೊಳವು ಕೊಟ್ಟಾಗ ಅಡಿಕೆಗೆ ಬೋರ್ಡೋ ಹೊಡೆಸುವ ಧಾವಂತ, ಇನ್ನೊಂದೆಡೆ ಆದಾಯ ತೆರಿಗೆ ರಿಟರ್ನಿಗೆ 31ನೇ ತಾರೀಖಿನ ಗಡುವು. ಈ ಅವಸರದಲ್ಲಿ ಅವರು ತೆತ್ತು ಬರುವ ಹಣವನ್ನು, ಅದರಲ್ಲೂ 'ಬಂದ ರೀಫಂಡಿನಲ್ಲಿ ಇಷ್ಟು ಪಾಲು' ಎಂಬ ಕರಾರನ್ನು ಕೇಳಿದ ಮೇಲೆ ಸುಮ್ಮನಿರುವುದು ಸರಿಯಲ್ಲವೆಂದು ನಮಗೆ ತೋರಿದೆ.

ತೋಟದ ಆದಾಯವೊಂದನ್ನೇ ನಂಬಿರುವವರು ಸಾಮಾನ್ಯವಾಗಿ ರಿಟರ್ನ್ ಸಲ್ಲಿಸಬೇಕಾಗಿಯೇ ಇಲ್ಲ. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆಯಿಲ್ಲ. ತೊಡಕು ಹುಟ್ಟುವುದು ಬ್ಯಾಂಕಿನ ಠೇವಣಿಯಿಂದ. 60 ವರ್ಷದೊಳಗಿನ ಬೆಳೆಗಾರರೊಬ್ಬರು ಬೆಲೆ ಚೆನ್ನಾಗಿದ್ದ ವರ್ಷ ಉಳಿಸಿದ 15 ಲಕ್ಷ ರೂಪಾಯಿಯನ್ನು ಶೇಕಡಾ 7ರ ಬಡ್ಡಿಗೆ ಇಟ್ಟಿದ್ದಾರೆಂದುಕೊಳ್ಳೋಣ. ವರ್ಷದ ಬಡ್ಡಿ 1,05,000 ರೂಪಾಯಿ. 2025ರ ಏಪ್ರಿಲ್‌ನಿಂದ 50,000 ರೂಪಾಯಿ ಮೀರಿದ ಬಡ್ಡಿಗೆ (ಹಿರಿಯ ನಾಗರಿಕರಿಗೆ 1 ಲಕ್ಷ) ಬ್ಯಾಂಕು ಶೇಕಡಾ 10 ಕಡಿಯುತ್ತದೆ. ಎಂದರೆ 10,500 ರೂಪಾಯಿ. ತೋಟದ ಹೊರತು ಬೇರೆ ವರಮಾನವಿಲ್ಲದ ಇವರಿಗೆ ತೆರಿಗೆಯೇ ಬರುವುದಿಲ್ಲ. ಕಡಿದದ್ದು ಪೂರ್ತಿ ಇವರದೇ. ಆದರೆ ರಿಟರ್ನ್ ಸಲ್ಲಿಸದೆ ಅದು ಕೈಸೇರದು. ತನ್ನದೇ ಹಣವನ್ನು ವಾಪಸು ಪಡೆಯಲು ಕಮಿಷನ್ ತೆರುವುದು ಯಾವ ನ್ಯಾಯ?

ಇದಕ್ಕಿಂತಲೂ ಸುಲಭವಾದ ದಾರಿಯೊಂದಿದೆ. ಏಪ್ರಿಲ್‌ನಲ್ಲಿಯೇ ಬ್ಯಾಂಕಿಗೆ ಹೋಗಿ 'ನನಗೆ ತೆರಿಗೆ ಬರುವುದಿಲ್ಲ, ಕಡಿಯಬೇಡಿ' ಎಂಬ ಘೋಷಣಾ ಪತ್ರಕ್ಕೆ ರುಜು ಹಾಕಿ ಬಂದರೆ ಅರ್ಹರಿಗೆ ಕಡಿತವೇ ಆಗುವುದಿಲ್ಲ. ಪತ್ರ ಪ್ರತಿ ವರ್ಷವೂ ಹೊಸದಾಗಿ ಕೊಡಬೇಕು.

ಕಡಿತವಾಗಿಬಿಟ್ಟಿದ್ದರೆ ಇಲಾಖೆಯ ಜಾಲತಾಣವೇ ಇದೆ. 2021ರ ಜೂನ್‌ನಲ್ಲಿ ಹೊಸ ರೂಪದಲ್ಲಿ ಬಂದ ಈ ತಾಣದಲ್ಲಿ ರಿಟರ್ನ್ ಸಲ್ಲಿಸಲು ಒಂದು ಕಾಸೂ ಕೊಡಬೇಕಾಗಿಲ್ಲ. ಬಡ್ಡಿಯ ಮೊತ್ತ, ಕಡಿದ ತೆರಿಗೆ ಬಹುಮಟ್ಟಿಗೆ ಮೊದಲೇ ತುಂಬಿರುತ್ತವೆ. ನಾವು ಪಾಸ್‌ಬುಕ್ಕಿನೊಡನೆ ತಾಳೆ ನೋಡಬೇಕು. ಕೊನೆಗೆ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿಯಿಂದ 30 ದಿನದೊಳಗೆ ದೃಢೀಕರಿಸಬೇಕು. ಇದನ್ನು ಮರೆತರೆ ಪಟ್ಟ ಶ್ರಮವೆಲ್ಲ ವ್ಯರ್ಥ.

ಬೆಳೆಗಾರರು ಎಡವುವ ಜಾಗವೆಂದರೆ ನಮೂನೆಯ ಆಯ್ಕೆ. ಸಂಬಳದಾರರು ಬಳಸುವ ಒಂದನೇ ನಮೂನೆಯಲ್ಲಿ ಕೃಷಿ ಆದಾಯ 5,000 ರೂಪಾಯಿ ಮೀರುವಂತಿಲ್ಲ. ನಾಲ್ಕು ಚೀಲ ಕಾಫಿ ಮಾರಿದವನೂ ಈ ಮಿತಿಯನ್ನು ದಾಟಿರುತ್ತಾನೆ! ನಮಗೆ ಒಪ್ಪುವುದು ಎರಡನೆಯ ನಮೂನೆ. ಅಂಗಡಿಯವರಿಗೆ ಒಂದನೆಯದು ಬೇಗ ಮುಗಿಯುತ್ತದೆ. ಆದ್ದರಿಂದ ತೋಟದ ಆದಾಯವನ್ನು ಸೊನ್ನೆಯೆಂದು ಬರೆದು ಕಳಿಸುವವರಿದ್ದಾರೆ. ಮಂಡಿಯಿಂದ ಬಂದ ಲಕ್ಷಾಂತರ ರೂಪಾಯಿ ಖಾತೆಯಲ್ಲಿ ಕಾಣುವಾಗ ರಿಟರ್ನಿನಲ್ಲಿ ತೋಟವೇ ಇಲ್ಲವೆಂದರೆ, ನಾಳೆ ಉತ್ತರ ಹೇಳಬೇಕಾದವರು ಯಾರು? ಕೃಷಿಯ ನಿವ್ವಳ ಆದಾಯ 5 ಲಕ್ಷ ಮೀರಿದರೆ ಜಿಲ್ಲೆ, ಪಿನ್ ಕೋಡ್, ಎಕರೆ, ಸ್ವಂತವೋ ಗೇಣಿಯೋ, ನೀರಾವರಿಯೋ ಮಳೆಯಾಶ್ರಿತವೋ ಎಂಬುದನ್ನೂ ಬರೆಯಬೇಕು. ಪಹಣಿ ಕೈಯಲ್ಲಿರಲಿ.

ಪಾಲಿನ ಕರಾರು ಇನ್ನೂ ಅಪಾಯಕರ. ರೀಫಂಡ್ ಹೆಚ್ಚಿದಷ್ಟೂ ದಲ್ಲಾಳಿಗೆ ಲಾಭವಾದ್ದರಿಂದ ಕಟ್ಟದ ವಿಮೆ, ಕೊಡದ ದೇಣಿಗೆಗಳೆಲ್ಲ ರಿಟರ್ನಿನಲ್ಲಿ ಮೊಳೆಯುತ್ತವೆ. ಇಂತಹ ಸುಳ್ಳು ವಿನಾಯಿತಿಗಳ ವಿರುದ್ಧ ಇಲಾಖೆ 2025ರ ಜುಲೈಯಲ್ಲಿ ದೇಶದ ಅನೇಕ ಕಡೆ ತನಿಖೆ ನಡೆಸಿತು. ನೋಟೀಸು ಬರುವುದು ದಲ್ಲಾಳಿಯ ಹೆಸರಿಗಲ್ಲ.

ಹಾಗೆಂದು ಆಡಿಟರರೇ ಬೇಡವೆಂದು ನಾವು ಹೇಳುತ್ತಿಲ್ಲ. ಚೆರ್ರಿ, ಪಾರ್ಚ್‌ಮೆಂಟ್ ಮಾರುವವರಿಗೆ ಚಿಂತೆಯಿಲ್ಲ; ಪಲ್ಪಿಂಗ್ ಮಾಡಿ ಒಣಗಿಸಿದ ಮಾತ್ರಕ್ಕೆ ಅದು ಕ್ಯೂರಿಂಗ್ ಎನಿಸುವುದಿಲ್ಲ. ಆದರೆ ತಾನು ಬೆಳೆದ ಕಾಫಿಯನ್ನು ಕ್ಯೂರಿಂಗ್ ಮಾಡಿಸಿ ಮಾರಿದರೆ ಆದಾಯದ ಶೇಕಡಾ 25, ಹುರಿದು ಪುಡಿ ಮಾಡಿ ಮಾರಿದರೆ ಶೇಕಡಾ 40 ವ್ಯಾಪಾರದ ಆದಾಯವೆನಿಸುತ್ತದೆ. ಇಂಥವರೂ ಹೋಂಸ್ಟೇ ನಡೆಸುವವರೂ ಶುಲ್ಕ ಕೊಟ್ಟು ಬಲ್ಲವರಲ್ಲಿಗೇ ಹೋಗುವುದು ಲೇಸು.

ಉಳಿದವರಿಗಾಗಿ ಸಂಘವೇಕೆ ಮುಂದಾಗಬಾರದು? ಕಛೇರಿಯಲ್ಲಿ ಕಂಪ್ಯೂಟರ್ ಇದೆ, ಕರೆಂಟು ಹೋದರೆ ಯುಪಿಎಸ್ ಇದೆ, ಪದವಿ ಮುಗಿಸಿ ಮನೆಗೆ ಬಂದಿರುವ ಸದಸ್ಯರ ಮಕ್ಕಳಿದ್ದಾರೆ. ಬ್ಯಾಂಕಿನ ಕಡಿತದ ವಿವರ ಜೂನ್ ನಡುವಿಗೆ ತಾಣದಲ್ಲಿ ಸಿಗುವುದರಿಂದ, ಜೂನ್ ಮೂರನೆಯ ವಾರದಿಂದ ಜುಲೈ ಮಧ್ಯದವರೆಗೆ ವಾರಕ್ಕೆರಡು ದಿನ ಸಾಕು. ಸದಸ್ಯರು ಎದುರಿಗೇ ಕುಳಿತಿರಬೇಕು. ಪಾಸ್‌ವರ್ಡ್ ಅವರದೇ ಕೈಬರಹದಲ್ಲಿ ಅವರ ಬಳಿಯೇ ಉಳಿಯಬೇಕು. ಇದು ಸಂಘದ ಕೆಲಸವಲ್ಲವೆನ್ನುವ ಹಿರಿಯರೂ ಇದ್ದಾರೆ. ಗೊಬ್ಬರ, ಮೈಲುತುತ್ತು ಒದಗಿಸುವ ಸಂಘ ಸದಸ್ಯರ 10,500 ರೂಪಾಯಿ ಉಳಿಸಿಕೊಟ್ಟರೆ ಅದು ಹೇಗೆ ಸಂಘದ ಕೆಲಸವಾಗದೋ ನಮಗೆ ತಿಳಿಯದು. ಮುಂದಿನ ಆಡಳಿತ ಮಂಡಲಿ ಸಭೆಯಲ್ಲಿ ಈ ವಿಷಯ ಮಂಡಿಸುವವರಿದ್ದೇವೆ. ಪರವೋ ವಿರೋಧವೋ, ಸದಸ್ಯರು ಅದಕ್ಕೆ ಮೊದಲೇ ಕಛೇರಿಗೆ ಬರೆದು ತಿಳಿಸಬೇಕಾಗಿ ಕೋರುತ್ತೇವೆ.