ಖೀವಾದ ಮಣ್ಣಿನ ಗೋಡೆ

ಉಜ್ಬೇಕಿಸ್ತಾನದ ಖೀವಾ ನಗರದ ಹೆಸರೆತ್ತಿದೊಡನೆ ಜನರು ಅದರ ಮಿನಾರುಗಳನ್ನು ಹೊಗಳುತ್ತಾರೆ. 1855ರಲ್ಲಿ ಖಾನನು ಮಡಿದುದರಿಂದ ಅರ್ಧಕ್ಕೇ ನಿಂತ ಕಲ್ತಾ ಮಿನಾರು, 1910ರಲ್ಲಿ ಮುಗಿದ ಇಸ್ಲಾಂ ಖೋಜಾ ಮಿನಾರು, ಇವು ಮೆಚ್ಚತಕ್ಕವೇ ಸರಿ. ಆದರೆ ವಿಜ್ಞಾನದ ವಿದ್ಯಾರ್ಥಿಯು ಮೊದಲು ನೋಡಬೇಕಾದುದು ಅವುಗಳ ಸುತ್ತ ನಿಂತಿರುವ ಮಣ್ಣಿನ ಕೋಟೆಗೋಡೆಯನ್ನು.

‘ಇಚನ್ ಕಲಾ’ ಎಂಬ ಒಳಕೋಟೆಯ ಈ ಗೋಡೆ ಸುಮಾರು 10 ಮೀಟರು ಎತ್ತರ. ಸುತ್ತಳತೆ 2 ಕಿಲೋಮೀಟರಿಗೂ ಹೆಚ್ಚು. ಸುಡದೆ ಬಿಸಿಲಿನಲ್ಲಿ ಒಣಗಿಸಿದ ಇಟ್ಟಿಗೆಯಿಂದ ಕಟ್ಟಿದುದು. ಬುಡ ಅಗಲ, ತುದಿ ಕಿರಿದು. ಆದುದರಿಂದ ಇಷ್ಟು ಭಾರವಿದ್ದರೂ ಸ್ಥಿರವಾಗಿದೆ. ಮಣ್ಣಿಗೆ ಹುಲ್ಲು ಬೆರೆಸಿದರೆ ಒಣಗುವಾಗ ಬಿರುಕು ಕಡಮೆ. ಅಲ್ಲಿನ ಮಳೆ ವರ್ಷಕ್ಕೆ ಸುಮಾರು 100 ಮಿಲಿಮೀಟರು ಮಾತ್ರ. ಮೇಲಿನಿಂದ ಬೀಳುವ ನೀರಿನ ಭಯ ಗೋಡೆಗೆ ಅಷ್ಟಿಲ್ಲ.

ಭಯವಿರುವುದು ಕೆಳಗಿನ ನೀರಿನಿಂದ. ಅಮು ದರಿಯಾ ನದಿಯಿಂದ ಹತ್ತಿಯ ಹೊಲಗಳಿಗೆ ಹರಿಸಿದ ನೀರು ಕಾಲುವೆಗಳಿಂದ ಜಿನುಗಿ ಅಂತರ್ಜಲವನ್ನು ಮೇಲಕ್ಕೆ ತಂದಿದೆ. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಗೋಡೆಯು ಈ ಉಪ್ಪುನೀರನ್ನು ಹೀರುತ್ತದೆ. ನೀರು ಆವಿಯಾಗಿ ಹೋಗುತ್ತದೆ. ಉಪ್ಪು ಉಳಿದು ಹರಳುಗಟ್ಟುತ್ತದೆ. ಬೆಳೆಯುವ ಹರಳುಗಳು ಇಟ್ಟಿಗೆಯ ಕಣಗಳನ್ನು ಒಡೆದು ಬುಡವನ್ನು ಪುಡಿಮಾಡುತ್ತವೆ. 1960ರಿಂದೀಚೆಗೆ ಅರಲ್ ಸಮುದ್ರವನ್ನು ಬತ್ತಿಸಿದ ನೀರಾವರಿಯೇ ಇಲ್ಲಿ ಗೋಡೆಯನ್ನೂ ಕೊರೆಯುತ್ತಿದೆ.

ಸಿಮೆಂಟು ಮೆತ್ತಿ ಬಲಪಡಿಸಬಾರದೇಕೆ ಎಂದು ಕೆಲವರು ಕೇಳಬಹುದು. ಸಿಮೆಂಟು ತೇವವನ್ನು ಸುಲಭವಾಗಿ ಹೊರಬಿಡದು. ಒಳಗೇ ನಿಂತ ತೇವದಿಂದ ಮಣ್ಣು ಮೆತ್ತಗಾಗುತ್ತದೆ. ಕೊನೆಗೆ ಸಿಮೆಂಟಿನ ಪದರವು ಇಟ್ಟಿಗೆಯನ್ನೂ ಕಿತ್ತುಕೊಂಡು ಕಳಚಿ ಬೀಳುತ್ತದೆ. ಮಣ್ಣಿನ ಗೋಡೆಗೆ ಮಣ್ಣಿನ ಗಿಲಾವೇ ತಕ್ಕದ್ದು. ಅದು ಸವೆಯುತ್ತದೆ, ನಿಜ. ತಾನು ಸವೆದು ಗೋಡೆಯನ್ನು ಕಾಯುವುದೇ ಅದರ ಕೆಲಸ. ಸವೆದಾಗ ಮತ್ತೆ ಬಳಿಯಬಲ್ಲ ಕುಶಲಿಗಳಿರಬೇಕು.

ಹಾಗಾದರೆ ಗೋಡೆಗಾಗಿ ರೈತನು ಬೇಸಾಯ ಬಿಡಬೇಕೆ? ಖಂಡಿತ ಬೇಡ. ಗೋಡೆಯನ್ನು ತಿನ್ನುವ ಉಪ್ಪು ಹೊಲವನ್ನೂ ಬಂಜರು ಮಾಡುತ್ತದೆ. ಕಾಲುವೆಗಳ ಸೋರಿಕೆಯನ್ನು ತಡೆದು, ಬಸಿಗಾಲುವೆಗಳನ್ನು ಸರಿಯಾಗಿಟ್ಟರೆ ಎರಡಕ್ಕೂ ಕ್ಷೇಮ.

ಇಚನ್ ಕಲಾ 1990ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪಟ್ಟಿಯಲ್ಲಿ ಹೆಸರು ಬರೆದ ಮಾತ್ರಕ್ಕೆ ಗೋಡೆ ಉಳಿಯದು. ವಾಸ್ತುಶಿಲ್ಪಿಯ ಜೊತೆಗೆ ಮಣ್ಣನ್ನು ಬಲ್ಲ ರಸಾಯನ ವಿಜ್ಞಾನಿ, ನೀರನ್ನು ಬಲ್ಲ ಎಂಜಿನಿಯರು, ಗಿಲಾವು ಬಲ್ಲ ಕೆಲಸಗಾರ, ಈ ಮೂವರೂ ಕೂಡಿ ದುಡಿದರೆ ಮಾತ್ರ ಉಳಿದೀತು.